ಒಂದೇ ಮನೆಯ ಇಬ್ಬರು ಹೆಣ್ಣುಮಕ್ಕಳು
(ಆದಿಕಾಂಡ 31ನೇ ಅಧ್ಯಾಯ, 14ನೇ ವಚನ)

ಈ ಸಾರಿ ನಾವು ಧ್ಯಾನಕ್ಕೆ ತೆಗೆದುಕೊಂಡಿರುವ ವಚನವು ಬಹು ಚಿಕ್ಕದು. ಓದುವವರು ಅಲ್ಲಿ ನಿಲ್ಲದೆ ದಾಟಿಹೋಗುವದುಂಟು. ಯಾಕೋಬನು ತನ್ನ ಇಬ್ಬರು ಹೆಂಡತಿಯರನ್ನು ಕುರಿಹಿಂಡು ಇದ್ದ ಹೊಲಕ್ಕೆ ಕರೆಯಿಸಿ, ಅವರ ತಂದೆಯ ಮನೆಯನ್ನು ಬಿಟ್ಟುಹೋಗುವ ಮಾತನ್ನು ತೆಗೆದಾಗ, ರಾಹೇಲಳೂ ಲೇಯಳೂ ಕೂಡಿ ಉತ್ತರ ಕೊಟ್ಟರೆಂದು ಅಲ್ಲಿ ಬರೆದಿದೆ. ತಂದೆಯ ಮನೆಯಲ್ಲಿ ತಮಗೆ ಯಾವ ಸ್ವಾಸ್ತ್ಯವೂ ಉಳಿಯಲಿಲ್ಲವೆಂಬದೇ ಆ ಉತ್ತರದ ಸಾರಾಂಶ. ಇಬ್ಬರು ಕೂಡಿ ಮಾತಾಡಿದ್ದು ಅಷ್ಟು ದೊಡ್ಡ ಸಂಗತಿಯೋ ಎಂದು ಕೇಳುವಿರಿ. ಹೌದು, ದೊಡ್ಡದೇ. ಅದಕ್ಕೆ ಮುಂಚೆ ಆ ಅಕ್ಕತಂಗಿಯರು ಒಂದೇ ಮಾತನ್ನು ಒಂದೇ ಬಾಯಾಗಿ ಆಡಿದ್ದು ಸತ್ಯವೇದದಲ್ಲಿ ಎಲ್ಲಿಯೂ ಕಾಣುವದಿಲ್ಲ.

ಅಕ್ಕತಂಗಿಯರು ವರುಷಗಟ್ಟಲೆ ಮಾತು ಬಿಟ್ಟಿರುವದು, ಮನೆಯ ಗುಟ್ಟೊಂದು ಪೆಟ್ಟಿಗೆಯ ತಳದಲ್ಲಿ ಬಿದ್ದಿದ್ದು ಕಡೆಗೆ ಬೈಲಾಗುವದು, ಇಂಥ ವಿಷಯದ ಕಾದಂಬರಿಗಳನ್ನು ನಮ್ಮ ಹೆಣ್ಣುಮಕ್ಕಳು ಆಸಕ್ತಿಯಿಂದ ಓದುತ್ತಾರೆ. ಕಾದಂಬರಿಯೆಂದರೆ ಮುಖ ಸಿಂಡರಿಸುವ ಉಪದೇಶಕರು ಇದ್ದಾರೆ. ನಮಗೆ ಹಾಗೆ ತೋರುವದಿಲ್ಲ. ಗುಟ್ಟಿಲ್ಲದ ಮನೆ ಇಲ್ಲವಾದದರಿಂದಲೇ ಗುಟ್ಟಿನ ಕಥೆಯನ್ನು ಜನರು ದೀಪದ ಬತ್ತಿ ಸುಟ್ಟುಹೋಗುವ ತನಕ ಓದುತ್ತಾರೆ. ಓದಲಿ, ಓದಿದ ಮೇಲೆ ತಮ್ಮ ಮನೆಯ ಕಡೆಗೂ ಒಮ್ಮೆ ತಿರುಗಿ ನೋಡಲಿ.

ನಮ್ಮ ಭಾಷೆಯಲ್ಲಿ ಮನೆತನದ ಗುಟ್ಟನ್ನು ಕುರಿತ ಕಾದಂಬರಿ ಯಾವದೆಂದು ಕೇಳಿದರೆ, 2025ರ ಸೆಪ್ಟೆಂಬರಿನಲ್ಲಿ ತೀರಿಕೊಂಡ ಎಸ್. ಎಲ್. ಭೈರಪ್ಪನವರ 'ವಂಶವೃಕ್ಷ'ವನ್ನು ನಾವು ಮೊದಲು ಹೇಳುವೆವು. ಅದು 1965ರಲ್ಲಿ ಹೊರಟ ಪುಸ್ತಕ. ನಂಜನಗೂಡಿನ ಶ್ರೀನಿವಾಸ ಶ್ರೋತ್ರಿ ಎಂಬ ವೈದಿಕ ಗೃಹಸ್ಥನಿಗೆ ವಂಶದ ಶುದ್ಧತೆಯೇ ಬಾಳಿನ ಆಧಾರ. ಮಗನು ಹೊಳೆಯ ಪಾಲಾದ ಮೇಲೆ ವಿಧವೆಯಾದ ಸೊಸೆಯು ಮತ್ತೊಬ್ಬನನ್ನು ಮದುವೆಯಾಗಿ ಹೋಗುತ್ತಾಳೆ. ಮೊಮ್ಮಗನು ಮಾತ್ರ ವಂಶದ ಕುಡಿಯೆಂದು ಅಜ್ಜನ ಬಳಿಯಲ್ಲೇ ಉಳಿಯುತ್ತಾನೆ. ಆ ಮುದುಕನಿಗೆ ಕಡೆಗಾಲದಲ್ಲಿ ತಿಳಿದುಬರುವದೇನಂದರೆ, ತಾನೇ ಆ ವಂಶದ ರಕ್ತಕ್ಕೆ ಸೇರಿದವನಲ್ಲ. ತಂದೆಯೆನಿಸಿಕೊಂಡವನು ಒಡಹುಟ್ಟಿದವನ ಮೇಲಿನ ಹಗೆಯಿಂದ, ಆಸ್ತಿಯು ಅವನ ಕೈಗೆ ಹೋಗಬಾರದೆಂದು, ಬೇರೆ ದಾರಿಯಿಂದ ಸಂತಾನವನ್ನು ಪಡೆದಿದ್ದನು. ಶ್ರೋತ್ರಿಯು ಆ ಆಸ್ತಿ ತನ್ನದಲ್ಲವೆಂದು ಬಗೆದು ಅದನ್ನು ಬಿಟ್ಟು ಮನೆಯಿಂದ ಹೊರಡುತ್ತಾನೆ. ಮಗುವು ಅದನ್ನು ಮಾಡಲಿಲ್ಲ, ಕೇಳಲಿಲ್ಲ, ಅದಕ್ಕೆ ಗೊತ್ತೂ ಇರಲಿಲ್ಲ. ಹಿರಿಯರು ನೆಲಕ್ಕೋಸ್ಕರ ಮಾಡಿದ ಗುಟ್ಟನ್ನು ಅದು ಮುಪ್ಪಿನ ವರೆಗೂ ಹೊತ್ತುಕೊಂಡಿತು. ಆ ಕಥೆಯಲ್ಲಿ ನಮಗೆ ಬೇಕಾದದ್ದು ಇಷ್ಟೇ.

ಆದರೆ ವಂಶವೃಕ್ಷ ಎಂದರೆ ಹಿರಿಯೂರು ತಾಲ್ಲೂಕಿನ ಹರಿಯಬ್ಬೆಯ ಕಡೆಯ ರೈತನಿಗೆ ಕಾದಂಬರಿಯು ನೆನಪಾಗುವದಿಲ್ಲ, ಕಾಗದವು ನೆನಪಾಗುತ್ತದೆ. ಜಮೀನಿನ ಯಜಮಾನನು ತೀರಿಕೊಂಡರೆ ಪೌತಿ ಖಾತೆ ಮಾಡಿಸಿಕೊಳ್ಳುವದಕ್ಕೆ ಮರಣ ಪ್ರಮಾಣಪತ್ರದ ಸಂಗಡ ವಂಶವೃಕ್ಷವನ್ನೂ ಕೊಡಬೇಕಷ್ಟೆ. ಯಾರಾರು ಮಕ್ಕಳೆಂಬದನ್ನು ಮನೆಯವರೇ ಹೇಳಿ ಬರೆಯಿಸುತ್ತಾರೆ. ಗಂಡುಮಕ್ಕಳ ಹೆಸರು ಕ್ರಮವಾಗಿ ಬರುತ್ತದೆ. ಹೆಣ್ಣುಮಕ್ಕಳ ಹೆಸರು ಬರುವ ಹೊತ್ತಿಗೆ ಮಾತು ನಿಂತುಹೋಗುತ್ತದೆ: ಮದುವೆಯಾಗಿ ಹೋದವರು, ಅವರನ್ನು ಯಾಕೆ ಸೇರಿಸಬೇಕು ಎಂದು. ಪಹಣಿಯಲ್ಲಿ ಹೆಸರು ಬದಲಾಗುತ್ತದೆ. ಹತ್ತು ಹದಿನೈದು ವರುಷ ಯಾರಿಗೂ ಏನೂ ತಿಳಿಯುವದಿಲ್ಲ. ಭದ್ರಾ ಮೇಲ್ದಂಡೆಯ ಕಾಲುವೆಗೋ ಹೆದ್ದಾರಿಗೋ ಭೂಮಿ ಹೋಗಿ ಪರಿಹಾರದ ಹಣ ಬರುವ ದಿನ ತಂಗಿಯು ತವರಿಗೆ ಬಂದು, ತಾನು ಆ ತಂದೆಗೆ ಹುಟ್ಟಲೇ ಇಲ್ಲವೆಂಬಂತೆ ಬರೆದಿರುವ ಕಾಗದವನ್ನು ಕಾಣುತ್ತಾಳೆ. ಶ್ರೋತ್ರಿಯ ಮನೆಯಲ್ಲಿ ಹುಟ್ಟದವನನ್ನು ವಂಶದಲ್ಲಿ ಬರೆದರು. ನಮ್ಮ ಹಳ್ಳಿಗಳಲ್ಲಿ ಹುಟ್ಟಿದವಳನ್ನು ವಂಶದಿಂದ ಅಳಿಸುತ್ತಾರೆ. ಎರಡಕ್ಕೂ ಕಾರಣ ಹೊಲವೇ.

ಈಗ ಪದ್ದನ್ ಅರಾಮಿಗೆ ಹೋಗೋಣ.

ಲಾಬಾನನಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಲೇಯ, ಅವಳ ಕಣ್ಣುಗಳ ವಿಷಯವಾಗಿ ಹೇಳಿರುವ ಮೂಲಭಾಷೆಯ ಶಬ್ದಕ್ಕೆ ಕಾಂತಿ ಸಾಲದ್ದೆಂದು ಕೆಲವರೂ, ಮೃದುವಾದದ್ದೆಂದು ಕೆಲವರೂ ಅರ್ಥ ಹೇಳುತ್ತಾರೆ. ಚಿಕ್ಕವಳು ರಾಹೇಲ, ರೂಪವತಿ. ಯಾಕೋಬನು ಚಿಕ್ಕವಳಿಗೋಸ್ಕರ ಏಳು ವರುಷ ಕುರಿ ಕಾದನು. ಏಳು ವರುಷವಾದ ಮೇಲೆ ಔತಣವಾಯಿತು, ಕತ್ತಲಾಯಿತು, ಮುಸುಕು ಹಾಕಿದ ಮದಲಗಿತ್ತಿಯನ್ನು ಒಳಗೆ ಕಳುಹಿಸಿದರು. ಬೆಳಿಗ್ಗೆ ನೋಡಿದರೆ ಲೇಯ. ಯಾಕೋಬನು ಜಗಳಕ್ಕೆ ನಿಂತಾಗ ಲಾಬಾನನು, ಹಿರಿಯಳಿಗಿಂತ ಮುಂಚೆ ಕಿರಿಯಳನ್ನು ಕೊಡುವದು ತಮ್ಮ ದೇಶದ ಪದ್ಧತಿಯಲ್ಲವೆಂದು ತಣ್ಣಗೆ ಹೇಳಿದನು. ಏಳು ವರುಷ ಆ ಪದ್ಧತಿ ಎಲ್ಲಿ ಹೋಗಿತ್ತು? ನಮ್ಮ ಹಳ್ಳಿಗಳಲ್ಲಿಯೂ ಪದ್ಧತಿಯೆಂಬದು ಹೀಗೆಯೇ. ಬೇಕಾದ ದಿನ ಎದ್ದು ಬರುತ್ತದೆ, ಬೇಡವಾದಾಗ ಮಲಗಿಕೊಳ್ಳುತ್ತದೆ.

ಯಾಕೋಬನಿಗೆ ಮೋಸವಾಯಿತೆಂದು ಎಲ್ಲಾ ಉಪದೇಶಕರೂ ಹೇಳುವರು. ಅವನು ತನ್ನ ಕುರುಡ ತಂದೆಗೆ ಅಣ್ಣನ ವೇಷದಲ್ಲಿ ಮಾಡಿದ ಮೋಸವು ಅವನ ತಲೆಗೇ ಬಂತೆಂದೂ ಹೇಳುವರು, ಅದು ನಿಜವೇ. ಆದರೆ ಆ ರಾತ್ರಿ ಆ ಇಬ್ಬರು ಹುಡುಗಿಯರ ಮನಸ್ಸಿನಲ್ಲಿ ಏನಾಯಿತೆಂದು ಕೇಳುವವರು ಕಡಿಮೆ. ತಂಗಿಯ ಮದುವೆಯೆಂದು ಊರೆಲ್ಲಾ ಉಂಡ ಔತಣದಲ್ಲಿ ಅಕ್ಕನನ್ನು ಮುಸುಕು ಹಾಕಿ ನಡಿಸಿಕೊಂಡು ಹೋದರು. ಬಾಯಿ ತೆರೆದರೆ ತಂದೆಗೆ ಅವಮಾನ, ಮುಚ್ಚಿಕೊಂಡರೆ ತಂಗಿಗೆ ದ್ರೋಹ. ರಾಹೇಲಳು ಆಗ ಎಲ್ಲಿದ್ದಳು? ಅವಳಿಗೆ ಏನು ಹೇಳಿ ಕೂರಿಸಿದ್ದರು? ಸತ್ಯವೇದವು ಒಂದು ಮಾತನ್ನೂ ಹೇಳುವದಿಲ್ಲ. ಯೆಹೂದಿ ಹಿರಿಯರಲ್ಲಿ ಒಂದು ಐತಿಹ್ಯವುಂಟು: ಯಾಕೋಬನು ಲಾಬಾನನ ಮೋಸಕ್ಕೆ ಹೆದರಿ ರಾಹೇಲಳಿಗೆ ಕೆಲವು ಗುಟ್ಟಿನ ಗುರುತುಗಳನ್ನು ಹೇಳಿಕೊಟ್ಟಿದ್ದನಂತೆ, ಅಕ್ಕನ ಮಾನ ಹೋಗುವದನ್ನು ನೋಡಲಾರದೆ ರಾಹೇಲಳು ಆ ಗುರುತುಗಳನ್ನು ಅಕ್ಕನಿಗೆ ಕೊಟ್ಟುಬಿಟ್ಟಳಂತೆ. ಇದು ವೇದವಾಕ್ಯವಲ್ಲ. ಆದರೂ ಅದನ್ನು ಹೇಳಿದ ಹಿರಿಯರು ಹೆಣ್ಣುಮಕ್ಕಳ ಹೃದಯವನ್ನು ಬಲ್ಲವರೆಂದು ನಮಗೆ ತೋರುತ್ತದೆ.

ಒಂದು ವಾರ ಕಳೆದ ಮೇಲೆ ರಾಹೇಲಳನ್ನೂ ಅವನಿಗೇ ಕೊಟ್ಟು, ಮತ್ತೆ ಏಳು ವರುಷದ ದುಡಿಮೆಯನ್ನು ಕಟ್ಟಿದರು. ಮೋಸ ಮಾಡಿದವನು ತಂದೆ. ಜಗಳ ಹುಟ್ಟಿದ್ದು ಹೆಣ್ಣುಮಕ್ಕಳೊಳಗೆ. ಅವರ ಮಕ್ಕಳ ಹೆಸರುಗಳನ್ನು ನೋಡಿರಿ. ರೂಬೇನನೆಂಬ ಹೆಸರಿನಲ್ಲಿ ಲೇಯಳು ತನ್ನ ಸಂಕಟವನ್ನು ಇಟ್ಟಳು. ಸಿಮೆಯೋನನೆಂಬ ಹೆಸರಿನಲ್ಲಿ ತಾನು ಬೇಡವಾದವಳೆಂಬ ದೂರನ್ನು ಇಟ್ಟಳು. ರಾಹೇಲಳು ದಾಸಿಯ ಮಗನಿಗೆ ನಫ್ತಾಲಿ ಎಂದು ಹೆಸರಿಟ್ಟದ್ದು ಅಕ್ಕನ ಸಂಗಡ ಹೋರಾಡಿ ಗೆದ್ದೆನೆಂಬ ಅರ್ಥದಿಂದ. ತೊಟ್ಟಿಲಲ್ಲಿರುವ ಕೂಸನ್ನು ಕರೆಯುವಾಗಲೆಲ್ಲಾ ಜಗಳದ ನೆನಪು! ಗೋದಿಯ ಸುಗ್ಗಿಯಲ್ಲಿ ರೂಬೇನನು ಹೊಲದಿಂದ ತಂದ ಹಣ್ಣುಗಳಿಗಾಗಿ, ಅವು ಗರ್ಭಫಲಕ್ಕೆ ನೆರವೆಂದು ಆ ಕಾಲದವರು ನಂಬಿದ್ದರು, ಅಕ್ಕತಂಗಿಯರು ಚೌಕಾಸಿ ಮಾಡಿ ಗಂಡನ ಒಂದು ರಾತ್ರಿಯನ್ನು ಬೆಲೆ ಕಟ್ಟಿದರು. ಹೆಂಡತಿಯು ಬದುಕಿರುವಾಗ ಅವಳ ತಂಗಿಯನ್ನು ಸವತಿಯಾಗಿ ತರಬಾರದೆಂದು ಮುಂದೆ ಯಾಜಕಕಾಂಡದಲ್ಲಿ ಕಟ್ಟಳೆಯಾದದ್ದನ್ನು ಓದುವಾಗ ಈ ಮನೆಯೇ ನಮ್ಮ ಕಣ್ಣಮುಂದೆ ಬರುತ್ತದೆ.

ಇಬ್ಬರು ಒಬ್ಬನಿಗೇ ಹೆಂಡತಿಯರಾದದ್ದೇ ಹಗೆತನಕ್ಕೆ ಮೂಲವೆಂದು ಹೇಳಿ ಮುಗಿಸಬಹುದಿತ್ತು. ಆದರೆ ಕನ್ನಡ ನಾಡಿನಲ್ಲಿಯೇ ಬೇರೆ ಒಂದು ನಿದರ್ಶನವಿದೆ. ಹರಿಯಬ್ಬೆಯೆಂಬ ಹೆಸರನ್ನು ಉಚ್ಚರಿಸುವಾಗ 'ಅಬ್ಬೆ' ಎಂಬ ಶಬ್ದವು ಕಿವಿಗೆ ಬೀಳುತ್ತದೆ. ಊರಿಗೆ ಆ ಹೆಸರು ಹೇಗಾದರೂ ಬಂದಿರಲಿ, ಹಳಗನ್ನಡದಲ್ಲಿ ಅಬ್ಬೆಯೆಂದರೆ ತಾಯಿ, ಮತ್ತು ಆ ಶಬ್ದವು ಹೆಂಗಸರ ಹೆಸರಿನ ಕೊನೆಗೆ ಸೇರುತ್ತಿತ್ತು. ಹಾಗೆ ಹೆಸರಾದವರು ಅತ್ತಿಮಬ್ಬೆ, ಗುಂಡಮಬ್ಬೆ ಎಂಬ ಅಕ್ಕತಂಗಿಯರು. ಮಲ್ಲಪನ ಮಕ್ಕಳಾದ ಇಬ್ಬರನ್ನೂ ನಾಗದೇವನೆಂಬ ಒಬ್ಬನೇ ವೀರನಿಗೆ ಕೊಟ್ಟಿದ್ದರು. ಅವನು ಯುದ್ಧದಲ್ಲಿ ಬಿದ್ದಾಗ ಗುಂಡಮಬ್ಬೆಯು ಚಿತೆಯನ್ನೇರಿದಳು. ಅದನ್ನು ನಾವು ಹೊಗಳಲಾರೆವು. ಅತ್ತಿಮಬ್ಬೆಯು ಮಗನನ್ನು ಸಾಕುತ್ತಾ ಉಳಿದು, ಪೊನ್ನಕವಿಯ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳು. ಅವಳ ಆಶ್ರಯದಲ್ಲಿ ರನ್ನನು 993ರಲ್ಲಿ ಅಜಿತಪುರಾಣವನ್ನು ಮುಗಿಸಿದನು. ಸಾವಿರ ವರುಷ ಕಳೆದರೂ ಆ ಇಬ್ಬರ ಹೆಸರು ಜನರ ಬಾಯಲ್ಲಿ ಜೊತೆಯಾಗಿಯೇ ಬರುತ್ತದೆ, ಜಗಳದ ಹೆಸರಾಗಿ ಅಲ್ಲ. ಆದದರಿಂದ ಲೇಯ ರಾಹೇಲರನ್ನು ಕೆಡಿಸಿದ್ದು ಒಬ್ಬ ಗಂಡನೆಂಬದಕ್ಕಿಂತಲೂ ಹೆಚ್ಚಾಗಿ ಆ ಮುಸುಕಿನ ರಾತ್ರಿಯೆಂದು ನಾವು ಎಣಿಸುತ್ತೇವೆ. ಇಬ್ಬರಿಗೂ ಬೇರೆ ಬೇರೆಯಾಗಿ ಹೇಳಿ, ಇಬ್ಬರಿಂದಲೂ ಬೇರೆ ಬೇರೆಯಾಗಿ ಮುಚ್ಚಿಟ್ಟದ್ದೇ ಅಲ್ಲಿಯ ವಿಷ.

ಇದು ನಮ್ಮ ಸಭೆಗಳಲ್ಲಿ ಹೇಗೆ ನಡೆಯುತ್ತದೆಂದು ನೋಡಿರಿ. ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಬೇಕಾದಾಗ ಅಣ್ಣನು ಅಕ್ಕನ ಊರಿಗೆ ಹೋಗಿ, ತಂಗಿ ಆಗಲೇ ಒಪ್ಪಿದ್ದಾಳೆ, ನೀನೊಬ್ಬಳೇ ಉಳಿದವಳು ಎನ್ನುತ್ತಾನೆ. ಮಾರನೆಯ ದಿನ ತಂಗಿಯ ಊರಿಗೆ ಹೋಗಿ, ಅಕ್ಕ ರುಜು ಹಾಕಿಯಾಯಿತು, ನೀನು ಮಾತ್ರ ಹಟ ಹಿಡಿದಿದ್ದೀ ಎನ್ನುತ್ತಾನೆ. ಒಬ್ಬಳಿಗೆ ಸೀರೆ, ಒಬ್ಬಳಿಗೆ ಕೈಯಲ್ಲಿ ಸ್ವಲ್ಪ ಹಣ. ಒಬ್ಬಳು ರುಜು ಹಾಕಿ ಮತ್ತೊಬ್ಬಳು ಹಾಕದಿದ್ದರೆ, ಅಣ್ಣನ ಮೇಲೆ ಬರಬೇಕಾದ ಕೋಪವು ಅಕ್ಕತಂಗಿಯರ ಮಧ್ಯದಲ್ಲಿ ಬೀಳುತ್ತದೆ. ನಿನ್ನಿಂದ ನಾನು ಕೆಟ್ಟೆ ಎಂದು ಇವಳು, ನಿನ್ನಿಂದ ತವರು ಮುಚ್ಚಿತು ಎಂದು ಅವಳು. ಒಬ್ಬಳು ದೀಕ್ಷಾಸ್ನಾನ ಹೊಂದಿ ಒಬ್ಬಳು ಹೊಂದದಿದ್ದರೆ ಜಗಳಕ್ಕೆ ಮತದ ಹೆಸರೂ ಸಿಕ್ಕುತ್ತದೆ. ಆಮೇಲೆ ಮಕ್ಕಳ ಮದುವೆಗೆ ಕರೆಯುವದಿಲ್ಲ, ಹೆಣದ ಮುಂದೆಯೂ ಎದುರುಬದುರು ನಿಲ್ಲುವದಿಲ್ಲ. ಇಂಥ ಮನೆಗಳು ಒಂದೆರಡಲ್ಲ.

ಚಿತ್ರದುರ್ಗದಲ್ಲಿ ನಮ್ಮ ನೆರೆಯವರು ಬರಗೇರಮ್ಮನನ್ನೂ ತಿಪ್ಪಿನಘಟ್ಟಮ್ಮನನ್ನೂ ಅಕ್ಕತಂಗಿಯರೆಂದು ಹೇಳಿ, ವರುಷಕ್ಕೊಮ್ಮೆ ದೊಡ್ಡಪೇಟೆಯಲ್ಲಿ ಜನಸಂದಣಿಯ ನಡುವೆ ಅವರಿಬ್ಬರನ್ನೂ ಕ್ಷಣಕಾಲ ಎದುರಾಗಿ ತರುತ್ತಾರೆ. ಅದಕ್ಕೆ ಅಕ್ಕತಂಗಿಯರ ಭೇಟಿ ಎಂದೇ ಹೆಸರು. ಅವರ ನಂಬಿಕೆ ಬೇರೆ, ನಮ್ಮದು ಬೇರೆ. ಆದರೆ ಅಗಲಿದ ಒಡಹುಟ್ಟಿದವರು ವರುಷಕ್ಕೆ ಒಂದು ಸಾರಿಯಾದರೂ ಮುಖ ನೋಡಬೇಕೆಂಬ ಕಾಳಜಿಯು ಅಲ್ಲಿದೆ. ಮಾತು ಬಿಟ್ಟು ಕೂತಿರುವ ನಮ್ಮ ಎಷ್ಟೋ ಮನೆಗಳಲ್ಲಿ ಅಷ್ಟೂ ಇಲ್ಲ.

ಹೊಲಕ್ಕೆ ತಿರುಗಿ ಬರೋಣ. ಇಪ್ಪತ್ತು ವರುಷ ದುಡಿದ ಯಾಕೋಬನು ಈ ಸಾರಿ ಒಂದು ಒಳ್ಳೇ ಕೆಲಸ ಮಾಡಿದನು: ಇಬ್ಬರನ್ನೂ ಒಟ್ಟಿಗೆ ಕರೆಯಿಸಿದನು. ಮನೆಯೊಳಗಲ್ಲ, ಲಾಬಾನನ ಕಿವಿಗೆ ಬೀಳದ ಬೈಲಿನಲ್ಲಿ. ಇಬ್ಬರಿಗೂ ಒಂದೇ ಮಾತನ್ನು ಒಂದೇ ಹೊತ್ತಿಗೆ ಹೇಳಿದನು. ಆಗ ಅವರಿಗೆ ಕಾಣಬೇಕಾದದ್ದು ಕಂಡಿತು. ತಂದೆಯು ತಮ್ಮನ್ನು ಪರರಂತೆ ಎಣಿಸಿದನು, ಮಾರಿದನು, ತಮಗಾಗಿ ಬಂದದ್ದನ್ನು ತಾನೇ ತಿಂದುಬಿಟ್ಟನು ಎಂದು ಅವರು ಹೇಳಿದರು. ನಮ್ಮಲ್ಲಿ ತೆರವೆಂದು ಕರೆಯುತ್ತಿದ್ದಂಥ ಹಣವು ಆ ದೇಶದಲ್ಲಿ ಕೆಲವು ಭಾಗವಾದರೂ ಮಗಳಿಗಾಗಿ ಇಡತಕ್ಕದ್ದಾಗಿತ್ತೆಂದು ಪಂಡಿತರು ಹೇಳುತ್ತಾರೆ. ಯಾಕೋಬನ ಹದಿನಾಲ್ಕು ವರುಷದ ಬೆವರೇ ಇವರ ತೆರ. ಅದರಲ್ಲಿ ಇವರಿಗೆ ಒಂದು ಕುರಿಮರಿಯೂ ಸಿಕ್ಕಲಿಲ್ಲ. ಲೇಯಳು ಬೇಡವಾದವಳು, ರಾಹೇಲಳು ಬೇಕಾದವಳು ಎಂದು ಇಷ್ಟು ವರುಷ ಎಣಿಸಿದ್ದರು. ತಂದೆಯ ಲೆಕ್ಕದಲ್ಲಿ ಇಬ್ಬರೂ ಒಂದೇ ಬೆಲೆಯ ಸರಕು.

ಆದರೂ ಅದೇ ಅಧ್ಯಾಯದಲ್ಲಿ ಮತ್ತೊಂದು ಗುಟ್ಟು ಹುಟ್ಟುತ್ತದೆ, ಅದನ್ನು ಮರೆಮಾಡಬಾರದು. ಲಾಬಾನನು ಕುರಿಗಳ ಉಣ್ಣೆ ಕತ್ತರಿಸಲು ಹೋದಾಗ ರಾಹೇಲಳು ಅವನ ಮನೆಯ ವಿಗ್ರಹಗಳನ್ನು ಕದ್ದಳು. ಅವು ಯಾರ ಕೈಯಲ್ಲಿರುವವೋ ಅವರಿಗೆ ಮನೆಯ ಸ್ವಾಸ್ತ್ಯದ ಹಕ್ಕುಂಟೆಂದು, ನುಜಿ ಎಂಬ ಪ್ರಾಚೀನ ಪಟ್ಟಣದ ಮಣ್ಣಿನ ಹಲಗೆಗಳನ್ನು ಓದಿದ ಕೆಲವರು ಅಭಿಪ್ರಾಯಪಟ್ಟರು, ಬೇರೆಯವರು ಒಪ್ಪಲಿಲ್ಲ. ಹೇಗಾದರೂ ಪಾಲು ಕೊಡದ ತಂದೆಯಿಂದ ಅವಳು ತಾನೇ ಪಾಲು ತೆಗೆದುಕೊಂಡಳು. ಗಂಡನಿಗೆ ಹೇಳಲಿಲ್ಲ. ಅವನು ಅರಿಯದೆ, ಯಾರ ಬಳಿ ಅವು ಸಿಕ್ಕುವವೋ ಅವರು ಬದುಕಬಾರದೆಂದು ಶಪಥ ಮಾಡಿದನು. ಅವಳು ಒಂಟೆಯ ಸಬರದಲ್ಲಿ ಅವುಗಳನ್ನು ಇಟ್ಟು ಮೇಲೆ ಕೂತಳು. ಕೆಲವು ಕಾಲದ ಮೇಲೆ ಬೆನ್ಯಾಮೀನನನ್ನು ಹೆರುವಾಗ ದಾರಿಯಲ್ಲಿ ಸತ್ತಳು. ಗಂಡನ ಶಪಥವೇ ತಗಲಿತೆಂದು ಹೇಳುವವರಿದ್ದಾರೆ. ಸತ್ಯವೇದವು ಹಾಗೆ ಹೇಳುವದಿಲ್ಲ, ನಾವೂ ಹೇಳುವದಿಲ್ಲ.

ಅನ್ಯಾಯಕ್ಕೆ ಒಳಗಾದವರೂ ಗುಟ್ಟು ಮಾಡುವರೆಂಬದನ್ನು ಮಾತ್ರ ಹೇಳುತ್ತೇವೆ. ತಾಯಿಯು ತೀರಿಕೊಂಡ ರಾತ್ರಿ ಅವಳ ಗುಂಡಿನ ಸರ, ಓಲೆಗಳು ಕಾಣದೆ ಹೋಗುವದುಂಟು. ಹೆಣಕ್ಕೆ ನೀರು ಹಾಕಿದವಳು ತೆಗೆದಳೆಂದು ಒಬ್ಬರು, ಸೊಸೆ ತೆಗೆದಳೆಂದು ಒಬ್ಬರು. ಹೊಲದಲ್ಲಿ ತನಗೆ ಸಿಕ್ಕದ ಪಾಲಿಗೆ ಇದಾದರೂ ಇರಲಿ ಎಂದು ಒಬ್ಬ ಮಗಳು ಅದನ್ನು ಟ್ರಂಕಿನಲ್ಲಿಟ್ಟು ಇಪ್ಪತ್ತು ವರುಷ ಮೇಲೆ ಕೂತಿರುತ್ತಾಳೆ. ತೊಡಲಾರಳು, ಮಾರಲಾರಳು, ತನ್ನ ಮಗಳಿಗೂ ತೋರಿಸಲಾರಳು.

ಬೇರೆ ದಾರಿಯನ್ನು ಹಿಡಿದ ಅಕ್ಕತಂಗಿಯರೂ ಸತ್ಯವೇದದಲ್ಲಿದ್ದಾರೆ. ಗಂಡುಮಕ್ಕಳಿಲ್ಲದೆ ಸತ್ತ ಚಲ್ಪಹಾದನಿಗೆ ಐವರು ಹೆಣ್ಣುಮಕ್ಕಳು. ಅವರು ಒಬ್ಬೊಬ್ಬರಾಗಿ ಅಳುತ್ತಾ ಹೋಗಲಿಲ್ಲ. ಐವರೂ ಕೂಡಿ ಗುಡಾರದ ಬಾಗಲಲ್ಲಿ ಮೋಶೆಯ ಮುಂದೆಯೂ ಸಭೆಯ ಮುಂದೆಯೂ ನಿಂತು, ತಂದೆಯ ಹೆಸರು ಅಳಿದುಹೋಗದಂತೆ ತಮಗೆ ಪಾಲು ಬೇಕೆಂದರು. ಅವರ ಮಾತು ನ್ಯಾಯವೆಂದು ದೇವರೇ ತೀರ್ಪು ಕೊಟ್ಟನು. ತಮ್ಮ ಕುಲದೊಳಗೇ ಮದುವೆಯಾಗಬೇಕೆಂಬ ಕಟ್ಟು ಆಮೇಲೆ ಬಂತು, ನಿಜ. ಆದರೆ ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ ಎಂಬ ಐದು ಹೆಸರುಗಳನ್ನೂ ಅರಣ್ಯಕಾಂಡದಲ್ಲಿ ಮೂರು ಸಾರಿ, ಯೆಹೋಶುವನ ಪುಸ್ತಕದಲ್ಲಿ ಒಂದು ಸಾರಿ ಬಿಡದೆ ಬರೆದಿದೆ. ಅಂಥ ವಂಶಾವಳಿಯನ್ನು ಓದಿ ಬೇಸರಪಡುವ ಯುವಕರು, ನಾಡಕಚೇರಿಗೆ ತಾವು ಕೊಟ್ಟ ವಂಶಾವಳಿಯನ್ನು ಅದರ ಪಕ್ಕದಲ್ಲಿಟ್ಟು ನೋಡಲಿ.

ಸರಕಾರದ ಕಾನೂನು ಏನು ಹೇಳುತ್ತದೆಂದು ನಮ್ಮವರಲ್ಲಿ ಅನೇಕರಿಗೆ ತಿಳಿಯದು. ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯು ಅನ್ವಯಿಸುತ್ತದೆ. ಉಯಿಲು ಬರೆಯದೆ ಸತ್ತವನ ಆಸ್ತಿಯಲ್ಲಿ ಹೆಂಡತಿಗೆ ಮೂರರಲ್ಲಿ ಒಂದು ಪಾಲು. ಉಳಿದ ಎರಡು ಪಾಲು ಮಕ್ಕಳಿಗೆ ಸಮವಾಗಿ, ಗಂಡು ಹೆಣ್ಣೆಂಬ ಭೇದವಿಲ್ಲದೆ. ಹಿಂದೂ ನೆರೆಯವರ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಕರ್ನಾಟಕವು 1994ರಲ್ಲಿಯೂ ಕೇಂದ್ರವು 2005ರಲ್ಲಿಯೂ ಹಕ್ಕು ಕೊಟ್ಟವು. 2020ರಲ್ಲಿ ಸುಪ್ರೀಂ ಕೋರ್ಟು ಅದನ್ನು ಇನ್ನೂ ಸ್ಪಷ್ಟಪಡಿಸಿತು. ಮಗಳು ತಿಳಿದು, ಮನಸಾರೆ, ತಮ್ಮನಿಗೆ ಬಿಟ್ಟುಕೊಡುವದಾದರೆ ಅದು ಅವಳ ಪ್ರೀತಿ, ಅದನ್ನು ಯಾರೂ ತಡೆಯಲಾರರು. ಮಳೆ ನಂಬಿದ ಎರಡು ಎಕರೆಯನ್ನು ಐದು ಪಾಲು ಮಾಡಿದರೆ ಯಾರಿಗೂ ಹೊಟ್ಟೆ ತುಂಬದೆಂಬ ತಮ್ಮನ ಮಾತಿನಲ್ಲಿಯೂ ಸತ್ಯವಿದೆ. ಅದನ್ನು ಎಲ್ಲರ ಮುಂದೆ ಹೇಳಿ ಕೇಳಿದರೆ ಬಿಟ್ಟುಕೊಡುವ ಅಕ್ಕಂದಿರು ಬಹಳ. ಹೇಳದೆ ಅಳಿಸಿದ ಹೆಸರನ್ನು ಕ್ಷಮಿಸುವವರೇ ಕಡಿಮೆ.

ಲೇಯಳೂ ರಾಹೇಲಳೂ ಸತ್ತ ಮೇಲೆ ಒಂದೇ ಕಡೆ ಮಲಗಲಿಲ್ಲ. ಲೇಯಳು ಮಕ್ಪೇಲದ ಗವಿಯಲ್ಲಿ, ರಾಹೇಲಳು ಬೇತ್ಲೆಹೇಮಿಗೆ ಹೋಗುವ ದಾರಿಯ ಪಕ್ಕದಲ್ಲಿ. ಬಹು ಕಾಲದ ಮೇಲೆ ಅದೇ ಬೇತ್ಲೆಹೇಮಿನ ಹಿರಿಯರು ರೂತಳನ್ನು ಆಶೀರ್ವದಿಸುವಾಗ, ಇಸ್ರಾಯೇಲನ ಮನೆಯನ್ನು ಕಟ್ಟಿದ ಈ ಇಬ್ಬರ ಹೆಸರನ್ನೂ ಕೂಡಿಸಿ ಹೇಳಿದರು. ಅವರು ಯೆಹೂದನ ಕುಲದವರು, ಎಂದರೆ ಲೇಯಳ ಸಂತತಿ. ಆದರೂ ರಾಹೇಲಳ ಹೆಸರನ್ನೇ ಮೊದಲು ಹೇಳಿದರು.

ಸಭೆಯ ಹಿರಿಯರಿಗೆ ನಮ್ಮ ವಿಜ್ಞಾಪನೆ ಇದು. ಹಕ್ಕು ಬಿಡುಗಡೆ ಪತ್ರಕ್ಕಾಗಲಿ ವಿಭಾಗ ಪತ್ರಕ್ಕಾಗಲಿ ಸಾಕ್ಷಿ ಹಾಕಲು ನಿಮ್ಮನ್ನು ಕರೆದರೆ, ಆ ಮನೆಯ ಹೆಣ್ಣುಮಕ್ಕಳೆಲ್ಲರೂ ಎಲ್ಲಿದ್ದಾರೆಂದು ಮೊದಲು ಕೇಳಿರಿ. ಒಬ್ಬೊಬ್ಬರನ್ನೇ ಬೇರೆ ಬೇರೆ ದಿನ ಕರೆತರುವದಾಗಿ ಹೇಳಿದರೆ ಒಪ್ಪಬೇಡಿರಿ. ಎಲ್ಲರೂ ಒಂದು ದಿನ ಒಂದು ಜಗಲಿಯ ಮೇಲೆ ಕೂತು ಪತ್ರವನ್ನು ಕಿವಿಯಾರೆ ಕೇಳಲಿ. ಪೌತಿ ಖಾತೆಗೆ ಅರ್ಜಿ ಕೊಡಲಿಕ್ಕಿರುವವರು ವಂಶವೃಕ್ಷದ ಕಾಗದವನ್ನು ಕೊಡುವ ಮುಂಚೆ ಮನೆಯಲ್ಲಿ ಗಟ್ಟಿಯಾಗಿ ಓದಿಸಿರಿ. ಓದಬಲ್ಲವರು ಮನೆಯಲ್ಲಿ ಇಲ್ಲವಾದರೆ ಆದಿತ್ಯವಾರದ ಆರಾಧನೆಯ ನಂತರ ತನ್ನಿರಿ, ಕೂತು ಓದಿ ಹೇಳುವೆವು.